ಎರಡು ಕ್ರೀಡೆ, ಆಮೇಲೊಂದು ಉದ್ಯಮ: ಕರಾವಳಿಯ ಕ್ರೀಡಾಪಟುಗಳು ಯೋಜನೆ ಹಾಕಿಕೊಳ್ಳುವ ಬಗೆ

ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ಬೆಳಿಗ್ಗೆ ಓಟದ ಅಭ್ಯಾಸ ಮುಗಿಸಿ, ಸಂಜೆ ಕಾಲೇಜಿನ ವಾಲಿಬಾಲ್ ಅಂಕಣಕ್ಕೆ ಇಳಿಯುವ ವಿದ್ಯಾರ್ಥಿಗಳು ನಮ್ಮ ಎರಡೂ ಜಿಲ್ಲೆಗಳಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಮನೆಯಲ್ಲೂ ಮೈದಾನದಲ್ಲೂ ಸಿಗುವ ಸಲಹೆ ಒಂದೇ: ಯಾವುದಾದರೂ ಒಂದನ್ನು ಬಿಟ್ಟುಬಿಡಿ. ಈ ಸಲಹೆಯನ್ನು ನಾವು ತೀರಾ ಬೇಗ ಕೊಡುತ್ತಿದ್ದೇವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಕ್ರೀಡೆಗಳನ್ನು ಹಲವು ವರ್ಷ ಜೊತೆಯಾಗಿ ನಡೆಸಿಕೊಂಡು ಹೋಗಬಹುದು. ಆದರೆ ಯಾವ ತಿಂಗಳಲ್ಲಿ ಯಾವ ಆಟಕ್ಕೆ ಮೊದಲ ಸ್ಥಾನ ಎಂಬುದು ವರ್ಷದ ಆರಂಭದಲ್ಲೇ ನಿರ್ಧಾರವಾಗಿರಬೇಕು. ಮುಂದೆ ಕೈಗೊಳ್ಳುವ ಉದ್ಯಮದ ಸಿದ್ಧತೆಗೂ ಇದೇ ಪಟ್ಟಿಯಲ್ಲಿ ಜಾಗ ಇರಬೇಕು.

ಮೊದಲು, ನೀವು ಆರಿಸಿಕೊಂಡ ಎರಡು ಆಟಗಳು ದೇಹದ ಯಾವ ಭಾಗವನ್ನು ದಣಿಸುತ್ತವೆ ಎಂಬುದನ್ನು ನೋಡಿ. ಈಜು ಮತ್ತು ಮಧ್ಯಮ ದೂರದ ಓಟ ಎರಡೂ ಹೃದಯ, ಶ್ವಾಸಕೋಶಗಳಿಗೆ ಕೆಲಸ ಕೊಡುತ್ತವೆಯಾದರೂ, ನೀರಿನಲ್ಲಿ ಕಾಲಿನ ಕೀಲುಗಳಿಗೆ ನೆಲದ ಹೊಡೆತ ಬೀಳದಿರುವುದರಿಂದ ಆ ಜೋಡಿ ಹೊಂದಿಕೊಳ್ಳುತ್ತದೆ. ಉದ್ದ ಜಿಗಿತ ಮತ್ತು ವಾಲಿಬಾಲ್ ಹಾಗಲ್ಲ. ಎರಡರಲ್ಲೂ ನೆಗೆತದ ಭಾರ ಬೀಳುವುದು ಮಂಡಿಚಿಪ್ಪಿನ ಕೆಳಗಿನ ಅದೇ ಸ್ನಾಯುರಜ್ಜಿನ ಮೇಲೆ. ಬೆಳಗಿನ ತರಬೇತುದಾರರು ಜಿಗಿತಗಳನ್ನಷ್ಟೇ ಎಣಿಸುತ್ತಾರೆ, ಸಂಜೆಯವರು ಸ್ಮ್ಯಾಷ್‌ಗಳನ್ನಷ್ಟೇ ಎಣಿಸುತ್ತಾರೆ, ಒಟ್ಟು ಮೊತ್ತ ಮಂಡಿಗೆ ಮಾತ್ರ ಗೊತ್ತಿರುತ್ತದೆ.

ಈ ಮೊತ್ತವನ್ನು ಕಾಗದಕ್ಕೆ ಇಳಿಸಲು ಕ್ರೀಡಾವಿಜ್ಞಾನದಲ್ಲಿ ಸರಳವಾದ ಕ್ರಮವೊಂದಿದೆ. ಅಭ್ಯಾಸ ಮುಗಿದ ಅರ್ಧ ಗಂಟೆಯ ಬಳಿಕ, ಅದು ಎಷ್ಟು ಕಠಿಣವಾಗಿತ್ತು ಎಂಬುದಕ್ಕೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು, ಅಭ್ಯಾಸದ ನಿಮಿಷಗಳಿಂದ ಗುಣಿಸಬೇಕು. ಬೆಳಿಗ್ಗೆ 60 ನಿಮಿಷದ ಓಟಕ್ಕೆ 7 ಅಂಕವಾದರೆ 420, ಸಂಜೆ 90 ನಿಮಿಷದ ವಾಲಿಬಾಲ್‌ಗೆ 5 ಅಂಕವಾದರೆ 450, ಆ ದಿನದ ಹೊರೆ 870. ವಾರದ ಮೊತ್ತ ಹಿಂದಿನ ನಾಲ್ಕು ವಾರಗಳ ಸರಾಸರಿಗಿಂತ ಏಕಾಏಕಿ ಬಹಳ ಮೇಲೇರಿದರೆ, ನೋವು ಕಾಣಿಸಿಕೊಳ್ಳುವವರೆಗೆ ಕಾಯದೆ ಮುಂದಿನ ವಾರ ಇಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಲೆಕ್ಕದ ಪುಸ್ತಕವನ್ನು ಎರಡೂ ತರಬೇತುದಾರರಿಗೆ ತೋರಿಸಿ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರ ಬಳಿ ಅಭ್ಯಾಸ ಮಾಡುವ ಪರಿಪಾಠ ಎಷ್ಟೋ ಪ್ರತಿಭಾವಂತ ಮಕ್ಕಳ ಕಾಲು ಕೆಡಿಸಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು, ಬೆಳೆಯುವ ಮಕ್ಕಳಿಗೆ ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವನ್ನೂ, ಮುಖ್ಯ ಕ್ರೀಡೆಯಿಂದ ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳ ವಿರಾಮವನ್ನೂ ಸೂಚಿಸುತ್ತದೆ. ಎರಡನೆಯ ಆಟ ಇರುವವರಿಗೆ ಆ ಮೂರು ತಿಂಗಳು ಸಹಜವಾಗಿಯೇ ಸಿಗುತ್ತದೆ.

ಇನ್ನು ವರ್ಷದ ಪಟ್ಟಿ. ನಮ್ಮಲ್ಲಿ ಅದನ್ನು ಮಳೆಯೇ ಅರ್ಧ ಬರೆದುಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನದಲ್ಲಿ ವೇಗದ ಓಟ ಅಪಾಯಕಾರಿಯಾದ್ದರಿಂದ, ಆ ತಿಂಗಳುಗಳನ್ನು ಒಳಾಂಗಣದ ಆಟಕ್ಕೆ ಮತ್ತು ತೂಕದ ತರಬೇತಿಗೆ ಮೀಸಲಿಡುವುದು ಲೇಸು. ಮಳೆ ಬಿಟ್ಟ ಮೇಲೆ ಅಥ್ಲೆಟಿಕ್ಸ್‌ಗೆ ಮೊದಲ ಸ್ಥಾನ ಕೊಟ್ಟು, ವಾಲಿಬಾಲನ್ನು ವಾರಕ್ಕೆ ಎರಡು ಸಂಜೆಗೆ ಇಳಿಸಬಹುದು. ಶಾಲೆ ಕಾಲೇಜುಗಳ ಅಧಿಕೃತ ಕೂಟಗಳ ದಿನಾಂಕಗಳನ್ನು ದೈಹಿಕ ಶಿಕ್ಷಣ ನಿರ್ದೇಶಕರಿಂದ ಮೊದಲೇ ಪಡೆದು ಪಟ್ಟಿಯಲ್ಲಿ ಬರೆಯಿರಿ, ಉಳಿದದ್ದೆಲ್ಲ ಅವುಗಳ ಸುತ್ತ ಹೊಂದಿಕೊಳ್ಳಲಿ. ಹೊನಲು ಬೆಳಕಿನ ಪಂದ್ಯಾಟಗಳ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿರಬೇಕು. ಊರಿನ ಗೆಳೆಯರ ಬಳಗ ಕರೆದಾಗ ಒಲ್ಲೆ ಎನ್ನುವುದು ಕಷ್ಟ, ನಗದು ಬಹುಮಾನವೂ ಸಣ್ಣದಲ್ಲ. ಆದರೂ ಬೆಳಗಿನ ಜಾವದವರೆಗೆ ನಡೆಯುವ ಪಂದ್ಯದ ದಣಿವು ಮೂರು ನಾಲ್ಕು ದಿನ ಬಿಡುವುದಿಲ್ಲ. ಅಧಿಕೃತ ಕೂಟದ ಹಿಂದಿನ ವಾರದಲ್ಲಿ ಅಂಥ ಪಂದ್ಯ ಬೇಡವೇ ಬೇಡ.

ಎಷ್ಟೇ ಯೋಜಿಸಿದರೂ ಎರಡು ಆಟಗಳ ದಿನಾಂಕ ಒಮ್ಮೊಮ್ಮೆ ಡಿಕ್ಕಿ ಹೊಡೆಯುತ್ತದೆ. ಮದ್ರಾಸಿನ ಎಂ.ಜೆ. ಗೋಪಾಲನ್ ಭಾರತದ ಪರವಾಗಿ ಕ್ರಿಕೆಟನ್ನೂ ಹಾಕಿಯನ್ನೂ ಆಡಿದವರು. 1936ರಲ್ಲಿ ಅವರು ಬರ್ಲಿನ್ ಒಲಿಂಪಿಕ್ಸ್‌ನ ಹಾಕಿ ಆಯ್ಕೆ ಬಿಟ್ಟು ಕ್ರಿಕೆಟ್ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು; ಹಾಕಿ ತಂಡ ಚಿನ್ನ ಗೆದ್ದಿತು, ಇಂಗ್ಲೆಂಡಿನಲ್ಲಿ ಅವರಿಗೆ ಒಂದು ಟೆಸ್ಟ್ ಆಡಲೂ ಅವಕಾಶ ಸಿಗಲಿಲ್ಲ. ಆಹ್ವಾನ ಬಂದಾಗ ಕೇಳಬೇಕಾದ ಪ್ರಶ್ನೆ ಇದರಿಂದ ಸ್ಪಷ್ಟವಾಗುತ್ತದೆ: ತಂಡದಲ್ಲಿ ಹೆಸರಿರುವುದು ಮಾತ್ರವೋ, ಆಡುವ ಸಾಧ್ಯತೆಯೂ ಇದೆಯೋ? ಆಸ್ಟ್ರೇಲಿಯಾದ ಆಶ್ಲಿ ಬಾರ್ಟಿ ಬೇರೆ ದಾರಿ ಹಿಡಿದರು. ಟೆನಿಸ್‌ನಿಂದ ದೂರ ಸರಿದು, 2015–16ರಲ್ಲಿ ಬ್ರಿಸ್ಬೇನ್ ಹೀಟ್ ಪರ ಕ್ರಿಕೆಟ್ ಆಡಿ, ಮತ್ತೆ ಟೆನಿಸ್‌ಗೆ ಮರಳಿ 2019ರಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು.

ಪ್ರಮಾಣಪತ್ರಗಳ ವಿಷಯದಲ್ಲಿ ಉದಾಸೀನ ಬೇಡ. ಕೇಂದ್ರ ಸರಕಾರದ ನೌಕರಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವಾಗ, ಆಡಿದ್ದಕ್ಕೆ ಪ್ರಮಾಣವಾಗಿ ರಾಷ್ಟ್ರೀಯ ಕೂಟಕ್ಕೆ ನಮೂನೆ 2, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ನಮೂನೆ 3, ರಾಷ್ಟ್ರೀಯ ಶಾಲಾ ಕೂಟಕ್ಕೆ ನಮೂನೆ 4 ಬೇಕಾಗುತ್ತದೆ. ಕೂಟ ಮುಗಿದ ವರ್ಷದಲ್ಲೇ ಸಹಿ ಮಾಡಿಸಿಟ್ಟುಕೊಳ್ಳಿ. ಆದರೆ ಸರಕಾರಿ ನೌಕರಿಯಲ್ಲಿರುವವರು ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ ಎಂಬುದನ್ನೂ ತಿಳಿದಿರಬೇಕು. ನೌಕರಿಯೋ ಉದ್ಯಮವೋ ಎಂಬ ಪ್ರಶ್ನೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಉದ್ಯಮವೇ ಎಂದಾದರೆ, ಆಡುತ್ತಿರುವಾಗಲೇ ಅದರ ಲೆಕ್ಕ ಕಲಿಯಬೇಕು. ಬಹುಮಾನದ ಹಣ ಕೈಗೆ ಬಂದಾಗ ಒಂದು ಪಾಲನ್ನು ಮುಟ್ಟದ ಖಾತೆಗೆ ಹಾಕಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಆರಂಭಿಸಿದ ಊರು ನಮ್ಮದು. ಸಣ್ಣ ಉಳಿತಾಯ ಏನು ಮಾಡಬಲ್ಲದು ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಟದ ಕೊನೆಯ ಎರಡು ಮೂರು ವರ್ಷ ಬೇಸಿಗೆ ಶಿಬಿರ ನಡೆಸುವವರ ಬಳಿಯೋ ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲೋ ಬಿಡುವಿನ ವೇಳೆ ದುಡಿದರೆ, ಮಕ್ಕಳಿಗೆ ಕಲಿಸುವುದು, ಪೋಷಕರೊಂದಿಗೆ ಮಾತಾಡುವುದು, ಸಾಲದ ಬಾಕಿ ವಸೂಲು ಮಾಡುವುದು ಎಲ್ಲವೂ ಬೇರೆಯವರ ಬಂಡವಾಳದಲ್ಲಿ ಕಲಿತಂತಾಗುತ್ತದೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ಕೊಡುತ್ತದೆ. ದಯವಿಟ್ಟು ಅದನ್ನು ಬಳಸಿಕೊಳ್ಳಿ.

ತರಬೇತಿ ಕೇಂದ್ರ ತೆರೆಯುವವರು ಮಾಡಲೇಬೇಕಾದ ಒಂದು ಲೆಕ್ಕವಿದೆ. ಉದಾಹರಣೆಗೆ, ತಿಂಗಳಿಗೆ 1,000 ರೂಪಾಯಿ ಶುಲ್ಕದ 30 ಮಕ್ಕಳಿದ್ದರೆ 30,000 ರೂಪಾಯಿ ವರಮಾನ, ಜಾಗದ ಬಾಡಿಗೆ 15,000, ಚೆಂಡು, ಬಲೆ, ಸಹಾಯಕರ ಸಂಬಳಕ್ಕೆ 9,000 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 6,000 ಉಳಿಯುವಂತೆ ಕಾಣುತ್ತದೆ. ಬಯಲು ಅಂಕಣವಾದರೆ ಮಳೆಯ ನಾಲ್ಕು ತಿಂಗಳು ಮಕ್ಕಳಿಲ್ಲ, ಬಾಡಿಗೆ ಮಾತ್ರ ಇದೆ: ಎಂಟು ತಿಂಗಳ ಉಳಿಕೆ 48,000, ನಾಲ್ಕು ತಿಂಗಳ ಬಾಡಿಗೆ 60,000. ಹನ್ನೆರಡು ಸಾವಿರ ನಷ್ಟ. ಮೇಲ್ಛಾವಣಿ ಇರುವ ಜಾಗ, ಅಥವಾ ಮಳೆಗಾಲದಲ್ಲಿ ಅರ್ಧ ಬಾಡಿಗೆಯ ಕರಾರು, ಇವೆರಡರಲ್ಲಿ ಒಂದಾದರೂ ಇಲ್ಲದೆ ಕೈ ಹಾಕಬೇಡಿ.

ಬಂಡವಾಳಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ, ಬ್ಯಾಂಕ್ ಸಾಲದ ಜೊತೆಗೆ ಸರಕಾರದ ಸಹಾಯಧನ ಸಿಗುವ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮಕ್ಕೆ ಅರ್ಜಿ ಹಾಕಬಹುದು. ಸೇವಾ ಘಟಕಗಳಿಗೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶವಿದ್ದು, ಸಾಮಾನ್ಯ ವರ್ಗದವರು ಶೇಕಡಾ 10, ಮಹಿಳೆಯರೂ ಸೇರಿದ ವಿಶೇಷ ವರ್ಗದವರು ಶೇಕಡಾ 5 ಸ್ವಂತ ಹಣ ಹಾಕಬೇಕು. ಸಹಾಯಧನವು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಉಳಿಯುವುದರಿಂದ, ಮೊದಲ ವರ್ಷದ ಖರ್ಚಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಸಲಕರಣೆ ಕೊಳ್ಳುವಾಗ ಉಪ್ಪುಗಾಳಿಯನ್ನು ನೆನಪಿಡಿ. ಸಮುದ್ರದ ಹತ್ತಿರ ಕಬ್ಬಿಣದ ಕಂಬಕ್ಕೂ ಡಂಬೆಲ್‌ಗೂ ಬೇಗ ತುಕ್ಕು ಹಿಡಿಯುತ್ತದೆ. ಜಾಗವನ್ನು ಬೇಸಿಗೆಯಲ್ಲಿ ಮೆಚ್ಚಿಕೊಂಡಿದ್ದರೂ, ಕರಾರಿಗೆ ಸಹಿ ಹಾಕುವ ಮೊದಲು ಜುಲೈ ತಿಂಗಳ ಜಡಿಮಳೆಯಲ್ಲಿ ಒಮ್ಮೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ, ಛಾವಣಿ ಎಲ್ಲಿ ಸೋರುತ್ತದೆ, ಮಕ್ಕಳನ್ನು ಇಳಿಸುವ ವಾಹನ ಗೇಟಿನವರೆಗೆ ಬರುತ್ತದೆಯೇ ಎಂಬುದನ್ನು ಸ್ವತಃ ನೋಡಿ.