ಮಿನಿ ಟ್ರ್ಯಾಕ್ಟರಿನ ಲೋಡರಿಗೆ ಹೈಡ್ರಾಲಿಕ್ ಗ್ರ್ಯಾಪಲ್ ಜೋಡಿಸುವ ಕ್ರಮ

ತೆಂಗಿನ ಗರಿ, ಕಡಿದ ಸಿಲ್ವರ್ ಓಕ್ ರೆಂಬೆ, ಲಂಟಾನದ ಪೊದೆ ಮುಂತಾದವನ್ನು ಟ್ರ್ಯಾಕ್ಟರಿನ ಮುಂದೆ ಎತ್ತುವ ತೋಳುಗಳಿರುವ ಲೋಡರಿನ ಬಕೆಟ್ಟಿನಲ್ಲಿ ಸಾಗಿಸಹೊರಟರೆ ಅರ್ಧ ದಾರಿಯಲ್ಲೇ ಜಾರಿ ಬೀಳುತ್ತವೆ. ಮೇಲಿನಿಂದ ಮುಚ್ಚಿ ಹಿಡಿಯುವ ಗ್ರ್ಯಾಪಲ್ ಇದಕ್ಕೆ ಪರಿಹಾರ. ಆದರೆ ಸಾಮಾನ್ಯ ಲೋಡರಿನಲ್ಲಿ ಒತ್ತಡದ ಹೈಡ್ರಾಲಿಕ್ ಎಣ್ಣೆಗೆ ಇರುವ ಕೆಲಸ ಎರಡೇ: ತೋಳನ್ನು ಎತ್ತಿಳಿಸುವುದು ಮತ್ತು ಬಕೆಟ್ಟನ್ನು ಮಗುಚುವುದು. ಗ್ರ್ಯಾಪಲ್ಲಿನ ಸಿಲಿಂಡರಿಗೆ ಮೂರನೆಯ ದಾರಿಯನ್ನು ಎಲ್ಲಿಂದ ತೆಗೆಯಬೇಕೆಂಬುದನ್ನು ಮೊದಲು ತೀರ್ಮಾನಿಸಬೇಕು.

ಪಂಪಿನಿಂದ ಬರುವ ಎಣ್ಣೆಗೆ ಪ್ರತ್ಯೇಕ ವಾಲ್ವ್ ಕೂರಿಸಿದರೆ ಬಕೆಟ್ಟನ್ನೂ ಗ್ರ್ಯಾಪಲ್ಲನ್ನೂ ಏಕಕಾಲಕ್ಕೆ ಆಡಿಸಬಹುದು, ಆದರೆ ಖರ್ಚು ಹೆಚ್ಚು. ಜೊತೆಗೆ ಅದನ್ನು ಕೂರಿಸುವಾಗ ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿಗೆ ಹೋಗುವ ಎಣ್ಣೆಯ ಸಾಲನ್ನು ತಪ್ಪಾಗಿ ಮುಚ್ಚಿದರೆ ಪಂಪಿಗೇ ಅಪಾಯ. ತೋಟದ ಕೆಲಸಕ್ಕೆ ಎಣ್ಣೆಯ ದಾರಿ ಬದಲಿಸುವ ಡೈವರ್ಟರ್ ವಾಲ್ವ್ ಸಾಕೆಂಬುದು ನನ್ನ ಅಭಿಪ್ರಾಯ. ಆರು ಬಾಯಿಗಳಿರುವ, 12 ವೋಲ್ಟಿನ ಈ ವಾಲ್ವನ್ನು ಬಕೆಟ್ಟಿನ ಸಾಲಿನ ನಡುವೆ ಸೇರಿಸಲಾಗುತ್ತದೆ. ಜಾಯ್‌ಸ್ಟಿಕ್ಕಿನ ಮೇಲಿನ ಗುಂಡಿಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಎಣ್ಣೆ ಗ್ರ್ಯಾಪಲ್ಲಿಗೆ, ಬಿಟ್ಟರೆ ಮತ್ತೆ ಬಕೆಟ್ಟಿಗೆ ಹೋಗುತ್ತದೆ.

ಕೆಲಸಕ್ಕೆ ಮೊದಲು ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಜಾಯ್‌ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಒಳಗಿನ ಒತ್ತಡವನ್ನು ಇಳಿಸಬೇಕು. ವಾಲ್ವನ್ನು ಎರಡು ತೋಳುಗಳನ್ನು ಕೂಡಿಸುವ ಅಡ್ಡ ಕೊಳವೆಯ ಮೇಲೆ ಕೂರಿಸಿದರೆ ಹೋಸುಗಳು (ಎಣ್ಣೆ ಹರಿಯುವ ಬಾಗುವ ಕೊಳವೆಗಳು) ಗಿಡ್ಡದಾಗುತ್ತವೆ. ವಾಲ್ವಿಗೆ ವಿದ್ಯುತ್ ಒಯ್ಯುವ ತಂತಿಗೆ ಫ್ಯೂಸ್ ಮತ್ತು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಇರಲಿ.

ಹೆಚ್ಚಿನವರು ಎಡವುವುದು ಹೋಸನ್ನು ಜೋಡಿಸುವ ಫಿಟಿಂಗುಗಳಲ್ಲಿ. ಬಿಎಸ್‌ಪಿ, ಜೆಐಸಿ, ಮೆಟ್ರಿಕ್ ಎಂಬ ಬೇರೆ ಬೇರೆ ಮಾನಕದ ತಿರುಪಿನ ಎಳೆಗಳು (ಥ್ರೆಡ್) ಕಣ್ಣಿಗೆ ಒಂದೇ ರೀತಿ ಕಂಡರೂ ಒಂದಕ್ಕೊಂದು ಸೇರುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಎಳೆ ಕೆಡುತ್ತದೆ. ಆದ್ದರಿಂದ ಹಳೆಯ ಫಿಟಿಂಗನ್ನೇ ಬಿಚ್ಚಿ ಹೋಸಿನ ಅಂಗಡಿಗೆ ಒಯ್ಯುವುದು ಲೇಸು. ಜೆಐಸಿ ಫಿಟಿಂಗಿನಲ್ಲಿ 37 ಡಿಗ್ರಿಯ ಶಂಕುವಿನಾಕಾರದ ಮುಖವೇ ಎಣ್ಣೆಯನ್ನು ತಡೆಯುವುದರಿಂದ ಅಲ್ಲಿ ಟೆಫ್ಲಾನ್ ಟೇಪು ಸುತ್ತಬಾರದು; ಅದರ ಚೂರುಗಳು ವಾಲ್ವಿನೊಳಗೆ ಸಿಕ್ಕಿಕೊಳ್ಳುತ್ತವೆ. ಎರಡು ಪದರ ಉಕ್ಕಿನ ತಂತಿಯಿರುವ ಹೋಸನ್ನೇ ಆರಿಸಿಕೊಳ್ಳಿ. ಹೋಸನ್ನು ಕತ್ತರಿಸುವ ಮುನ್ನ ಒಂದು ಹಗ್ಗದಿಂದ ಅಳತೆ ಹಿಡಿದು, ಕೀಲುಗಳ ಬಳಿ ಬಕೆಟ್ ಎರಡೂ ಕಡೆಗೆ ಪೂರ್ತಿ ಮಗುಚಿದಾಗಲೂ ಬಿಗಿಯಾಗದಷ್ಟು, ಆದರೆ ತೋಳಿನ ಸಂದಿಗೆ ಸಿಕ್ಕದಷ್ಟು ಸಡಿಲ ಬಿಡಬೇಕು.

ಎಲ್ಲವೂ ಸೇರಿದ ಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಗ್ರ್ಯಾಪಲ್ಲನ್ನು ಎಂಟು ಹತ್ತು ಸಲ ತೆರೆದು ಮುಚ್ಚಿದರೆ ಒಳಗಿನ ಗಾಳಿ ಹೊರಟುಹೋಗುತ್ತದೆ. ಸೋರಿಕೆಯನ್ನು ಬೆರಳಿನಿಂದ ಎಂದಿಗೂ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆಯೂ ಚರ್ಮವನ್ನು ಸೀಳಿ ಒಳನುಗ್ಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ಅದಕ್ಕೆ ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸೋರಿಕೆ ಹುಡುಕಲು ರಟ್ಟಿನ ತುಂಡನ್ನು ಹಿಡಿದು ನೋಡಿ. ಕೊನೆಯಲ್ಲಿ ಎಂಜಿನ್ ನಿಲ್ಲಿಸಿ ಎಣ್ಣೆಯ ಮಟ್ಟವನ್ನು ಸರಿದೂಗಿಸಿ. ಗ್ರ್ಯಾಪಲ್ಲಿನ ತೂಕದಷ್ಟು ಹೊರೆಯನ್ನು ಲೋಡರ್ ಕಡಿಮೆ ಎತ್ತುತ್ತದೆ. ಹಿಂಬದಿಗೂ ತಕ್ಕ ಭಾರ ಕಟ್ಟಿಯೇ ತೋಟಕ್ಕೆ ಇಳಿಸಿ.