ಬೇಸಿಗೆಯಲ್ಲಿ ಸಿಎನ್‌ಸಿ ಲೇತ್ ಸೈಜ್ ತಪ್ಪುತ್ತಿದೆಯೇ?
ಬಳ್ಳಾರಿ ಬಿಸಿಲಲ್ಲಿ, ತಗಡಿನ ಶೆಡ್ಡಿನಲ್ಲಿ ಸಿಎನ್‌ಸಿ ಲೇತ್ (ಲೋಹದ ಪೀಸನ್ನು ತಿರುಗಿಸಿ ಕಡೆಯುವ ಕಂಪ್ಯೂಟರ್ ಚಾಲಿತ ಮಷಿನ್) ಓಡಿಸುವವರಿಗೆ: ಮಧ್ಯಾಹ್ನ ಸೈಜ್ ತಪ್ಪಿದ ಕೂಡಲೇ ಆಫ್‌ಸೆಟ್ (ಟೂಲಿನ ಸ್ಥಾನ ತಿದ್ದುವ ಅಂಕಿ) ಮುಟ್ಟಬೇಡಿ. ಬಿಸಿ ಪೀಸ್ ಅಳೆದು ತಿದ್ದಿದರೆ, ತಣ್ಣಗಾದ ಮೇಲೆ ಅದು ಅಂಡರ್‌ಸೈಜ್, ಅಂದರೆ ಬೇಕಾದ ಅಳತೆಗಿಂತ ಸಣ್ಣ. ಉಕ್ಕು ಮೀಟರಿಗೆ, ಡಿಗ್ರಿಗೆ ಸುಮಾರು 12 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಹಿಗ್ಗುತ್ತದೆ, 100 ಮಿ.ಮೀ. ವ್ಯಾಸದ ಪೀಸ್ 10 ಡಿಗ್ರಿ ಹೆಚ್ಚು ಬಿಸಿಯಿದ್ದರೆ 12 ಮೈಕ್ರಾನ್ ದಪ್ಪ ತೋರಿಸುತ್ತದೆ. ಅಲ್ಯೂಮಿನಿಯಂ ಆದರೆ ಹೆಚ್ಚುಕಡಿಮೆ ದುಪ್ಪಟ್ಟು. ಪೀಸ್, ಮೈಕ್ರೋಮೀಟರ್, ಮಾಸ್ಟರ್ (ಅಳತೆ ಗೊತ್ತಿರುವ ಮಾದರಿ ತುಂಡು) ಮೂರನ್ನೂ ಒಂದೇ ಸರ್ಫೇಸ್ ಪ್ಲೇಟ್ (ಸಮತಟ್ಟಾದ ಅಳತೆ ಹಲಗೆ) ಮೇಲೆ ಬಿಟ್ಟು, ಬಿಸಿ ಸಮವಾದ ಮೇಲೆ ಅಳೆಯಿರಿ.

ಶಿಫ್ಟ್ ಶುರುವಿಗೆ ಸ್ಪಿಂಡಲ್ (ಪೀಸನ್ನು ತಿರುಗಿಸುವ ಶಾಫ್ಟ್) ವೇಗ ಮೆಲ್ಲಗೆ ಏರಿಸುತ್ತ 15–20 ನಿಮಿಷ ಖಾಲಿ ಓಡಿಸಿ. ಅಕ್ಷಗಳನ್ನೂ (ಟೂಲ್ ಚಲಿಸುವ ದಿಕ್ಕುಗಳು) ಓಡಾಡಿಸಿ, ಅವನ್ನು ನಡೆಸುವ ಬಾಲ್‌ಸ್ಕ್ರೂ ಕೂಡ ಕಾದು ಉದ್ದವಾಗುತ್ತದೆ. ಊಟದ ಬಿಡುವಿನ ನಂತರವೂ ಸ್ವಲ್ಪ ಹೊತ್ತು ಹೀಗೇ. ಕೂಲಂಟ್ (ಕಡೆಯುವಾಗ ತಂಪು ಮಾಡುವ ದ್ರವ) ಟ್ಯಾಂಕ್ ತುಂಬಿರಲಿ, ಅರ್ಧವಿದ್ದರೆ ಬೇಗ ಕಾಯುತ್ತದೆ. ಕಿಟಕಿ ಬಿಸಿಲು ಮಷಿನ್ನಿನ ಒಂದೇ ಮಗ್ಗುಲಿಗೆ ಬಿದ್ದರೆ ಬೆಡ್ (ಮಷಿನ್ನಿನ ತಳದ ಚೌಕಟ್ಟು) ಬಾಗುತ್ತದೆ. ನೀರಿನ ಕೂಲರ್ ಮಾತ್ರ ಹತ್ತಿರ ಬೇಡ, ತುಕ್ಕು ಹಿಡಿಸುತ್ತೆ.