ನಿಮ್ಮ ಫೋಟೊ ಬೇರೆಯವರ ಖಾತೆಯಲ್ಲಿ ಕಂಡರೆ ಏನು ಮಾಡಬೇಕು

ನಿಮ್ಮ ಫೋಟೊ ಯಾರದೋ ಇನ್‌ಸ್ಟಾಗ್ರಾಮ್ ಖಾತೆಯಲ್ಲೋ, ಯಾವುದೋ ಅಂಗಡಿಯ ಜಾಹೀರಾತಿನಲ್ಲೋ, ನೀವು ತೆರೆದೇ ಇಲ್ಲದ ಮ್ಯಾಟ್ರಿಮನಿ ಪ್ರೊಫೈಲ್‌ನಲ್ಲೋ ಕಂಡ ಕೂಡಲೇ ಆ ಖಾತೆಗೆ ಮೆಸೇಜ್ ಮಾಡಬೇಡಿ. ಬೈಯಲೂ ಬೇಡಿ, ಕೈಮುಗಿದು ಕೇಳಲೂ ಬೇಡಿ. "ಇದು ನನ್ನ ಫೋಟೊ, ತೆಗೀರಿ" ಎಂದು ಒಂದು ಸಾಲು ಹಾಕಿದರೆ ಸಾಕು, ಕದ್ದವನು ನಿಮ್ಮನ್ನು ಬ್ಲಾಕ್ ಮಾಡಿ, ಖಾತೆಯ ಹೆಸರು ಬದಲಿಸಿ, ಅದೇ ಫೋಟೊ ಇಟ್ಟುಕೊಂಡು ಆಟ ಮುಂದುವರಿಸುತ್ತಾನೆ. ನಾಳೆ ಪೊಲೀಸರು "ಎಲ್ಲಿದೆ, ತೋರಿಸಿ" ಎಂದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಮೊದಲು ಸಾಕ್ಷಿ ಕೂಡಿಡಿ. ಉಳಿದದ್ದೆಲ್ಲ ಆಮೇಲೆ.

ತಿಪಟೂರಿನಲ್ಲಿ ಫೋಟೊ ಸ್ಟುಡಿಯೋ ನಡೆಸುವವಳು ನಾನು. ಮದುವೆ, ಸೀಮಂತ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಪಾಸ್‌ಪೋರ್ಟ್ ಸೈಜ್ ಎಲ್ಲವನ್ನೂ ತೆಗೆಯುತ್ತೇವೆ. ಈಚೆಗೆ ಆಲ್ಬಂ ಕೇಳಿಕೊಂಡು ಬರುವವರ ನಡುವೆ, "ಅಕ್ಕಾ, ನೀವು ತೆಗ್ದಿದ್ ಫೋಟೊನೇ ಇದು, ಯಾರೋ ಹಾಕ್ಕೊಂಡವ್ರೆ" ಎಂದು ಫೋನ್ ಚಾಚಿಕೊಂಡು ಬರುವವರೂ ಇದ್ದಾರೆ. ಅವರ ಪಕ್ಕ ಕೂತು ದೂರಿನ ಫಾರಂ ತುಂಬಿಸಿ, ಜೊತೆಗೆ ಠಾಣೆಗೆ ಹೋಗಿಬಂದು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಸಾಕ್ಷಿಗೆ ಬರೀ ಸ್ಕ್ರೀನ್‌ಶಾಟ್ ಸಾಲದು

ಫೋಟೊದ ಸ್ಕ್ರೀನ್‌ಶಾಟ್ ಎಲ್ಲರೂ ತೆಗೆಯುತ್ತಾರೆ. ಲಿಂಕ್ ಕಾಪಿ ಮಾಡಿಕೊಳ್ಳುವವರು ಕಡಿಮೆ. ಲಿಂಕ್ ಇಲ್ಲದೆ ಯಾವ ಕಂಪನಿಯೂ, ಯಾವ ಪೊಲೀಸರೂ ಮುಂದಿನ ಹೆಜ್ಜೆ ಇಡಲಾರರು. ಪ್ರೊಫೈಲ್‌ನ ಲಿಂಕ್ ಬೇರೆ, ಆ ಒಂದು ಪೋಸ್ಟಿನ ಲಿಂಕ್ ಬೇರೆ, ಎರಡೂ ಬೇಕು. ಖಾತೆಯ ಹೆಸರನ್ನು ಚುಕ್ಕೆ, ಅಂಡರ್‌ಸ್ಕೋರ್, ಅಂಕಿ ಸಮೇತ ಇದ್ದ ಹಾಗೇ ಬರೆದುಕೊಳ್ಳಿ. ಸಾಧ್ಯವಾದರೆ ಕಂಪ್ಯೂಟರಿನಲ್ಲಿ ತೆರೆದು, ಮೇಲಿನ ವಿಳಾಸದ ಪಟ್ಟಿ ಮತ್ತು ಕೆಳಗಿನ ದಿನಾಂಕ, ಗಂಟೆ ಎರಡೂ ಕಾಣುವಂತೆ ಇಡೀ ಪರದೆಯನ್ನು ಸೆರೆಹಿಡಿಯಿರಿ. ಫೋನಿನಲ್ಲಾದರೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿ ಪ್ರೊಫೈಲ್‌ನಿಂದ ಪೋಸ್ಟಿಗೆ, ಪೋಸ್ಟಿನಿಂದ ಕಮೆಂಟಿಗೆ ನಿಧಾನವಾಗಿ ಹೋಗಿ ಬನ್ನಿ. ನಕಲಿ ಖಾತೆಯವರು ಮೊದಲೇ ನಿಮ್ಮನ್ನು ಬ್ಲಾಕ್ ಮಾಡಿರುತ್ತಾರೆ. ಆಗ ಗೆಳತಿಯದೋ ಅಣ್ಣನದೋ ಫೋನಿನಿಂದ ನೋಡಬೇಕಾಗುತ್ತದೆ.

ಇನ್ನೊಂದು ಸಾಕ್ಷಿ ನಿಮ್ಮ ಮನೆಯಲ್ಲೇ ಇರುತ್ತದೆ: ಮೂಲ ಫೈಲ್. ಕ್ಯಾಮೆರಾದಿಂದ ಬಂದ ಫೈಲಿನೊಳಗೆ ತೆಗೆದ ದಿನಾಂಕ, ಗಂಟೆ, ಕ್ಯಾಮೆರಾದ ಮಾಡೆಲ್ ದಾಖಲಾಗಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಆ ವಿವರವೆಲ್ಲ ಉದುರಿಹೋಗುತ್ತದೆ. ಅದಕ್ಕೇ ಪೊಲೀಸರಿಗೆ ಕೊಡುವುದಾದರೆ ಪೆನ್‌ಡ್ರೈವ್‌ನಲ್ಲಿ ಕೊಡಿ, ಅಥವಾ ಡಾಕ್ಯುಮೆಂಟ್ ಎಂದು ಕಳಿಸಿ.

ಇದರ ಬೆಲೆ ಎಷ್ಟು ಎಂಬುದು ಒಬ್ಬ ಹೆಣ್ಣುಮಗಳ ವಿಷಯದಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು. ಅವಳ ನಿಶ್ಚಿತಾರ್ಥದ ಫೋಟೊ ಬೇರೆ ಹೆಸರಿನ ಖಾತೆಯೊಂದರ ಡಿಪಿಯಾಗಿತ್ತು. ಕುತ್ತಿಗೆಯವರೆಗೆ ಕತ್ತರಿಸಿ, ಎಡಬಲ ತಿರುಗಿಸಿ ಹಾಕಿದ್ದರು. ನಮ್ಮ ಕಡೆ ಸೆರಗು ಎಡ ಭುಜದ ಮೇಲೆ ಬರುತ್ತದೆ. ಅಲ್ಲಿ ಬಲ ಭುಜದ ಮೇಲಿತ್ತು. ಬೈತಲೆಯ ಪಕ್ಕದ ಸಣ್ಣ ಮಚ್ಚೆ ಆಚೆ ಬದಿಗೆ ಹೋಗಿತ್ತು. ಫೋಟೊದ ಅಂಚಿನಲ್ಲಿ ಹಸಿರು ಬಳೆ ತೊಟ್ಟ ಅರ್ಧ ಕೈಯೊಂದು ಉಳಿದಿತ್ತು. ನಮ್ಮ ಹಾರ್ಡ್‌ಡಿಸ್ಕ್‌ನಲ್ಲಿದ್ದ ಮೂಲ ಫ್ರೇಮ್ ತೆಗೆದರೆ, ಆ ಕೈ ಅವಳ ಸೋದರತ್ತೆಯದು, ಮುಡಿಗೆ ಹೂ ಸಿಕ್ಕಿಸುತ್ತಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಪ್ರಿಂಟ್ ಹಾಕಿಕೊಟ್ಟೆ. ಕತ್ತರಿಸಿದ ಫೋಟೊದಲ್ಲಿ ಇಲ್ಲದ್ದು ಮೂಲದಲ್ಲಿ ಇದೆ ಎನ್ನುವುದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಹಾಗಾಗಿ ನಿಮ್ಮ ಸಮಾರಂಭದ ಫೋಟೊ ತೆಗೆದವರ ಹತ್ತಿರ ಮೂಲ ಫೈಲ್ ಕೇಳಿ ಪಡೆದುಕೊಳ್ಳಿ. ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ಎಲ್ಲ ಸ್ಟುಡಿಯೋಗಳಿಗೂ ಆಗುವುದಿಲ್ಲ.

ಫೋಟೊ ಬೇರೆ ಎಲ್ಲೆಲ್ಲಿದೆ ಎಂದು ಹುಡುಕಲು ಗೂಗಲ್ ಲೆನ್ಸ್, ಟಿನ್‌ಐ ಇವೆ. ಮುಖ ಮಾತ್ರ ಹಾಕುವುದಕ್ಕಿಂತ ಹಿಂದಿನ ಮಂಟಪದ ಅಲಂಕಾರ ಸಮೇತ ಇಡೀ ಫೋಟೊ ಹಾಕಿ ನೋಡಿ. ಎಡಬಲ ತಿರುಗಿಸಿದ ಪ್ರತಿಯನ್ನೂ ಹಾಕಿ ನೋಡಿ. ಪ್ರೈವೇಟ್ ಖಾತೆ, ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳ ಒಳಗೆ ಇರುವುದು ಇವುಗಳ ಕಣ್ಣಿಗೆ ಬೀಳುವುದಿಲ್ಲ.

ರಿಪೋರ್ಟ್ ಮಾಡುವಾಗ ಯಾವ ಬಟನ್ ಒತ್ತುತ್ತೀರಿ ಎಂಬುದೇ ಮುಖ್ಯ

ನೆಂಟರಿಷ್ಟರಿಗೆಲ್ಲ ಹೇಳಿ ನೂರು ಜನರಿಂದ ರಿಪೋರ್ಟ್ ಮಾಡಿಸಿದರೆ ಖಾತೆ ಬಿದ್ದುಹೋಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಎಲ್ಲರೂ "ಸ್ಪ್ಯಾಮ್" ಎಂದು ಒತ್ತಿದರೆ ಪ್ರಯೋಜನ ಕಮ್ಮಿ. ಖಾತೆ ಬೇರೆಯವರಂತೆ ನಟಿಸುತ್ತಿದೆ ಎಂಬ ಆಯ್ಕೆ ಹಿಡಿದು, ಯಾರಂತೆ ಎಂದು ಕೇಳಿದಾಗ "ನಾನು" ಎಂದು ನೀವೇ ಕೊಡುವ ಒಂದು ದೂರಿಗೆ ಹೆಚ್ಚು ತೂಕವಿದೆ. ಮಕ್ಕಳ ಪರವಾಗಿ ತಂದೆ ತಾಯಿ ಕೊಡಬಹುದು. ನಿಮಗೆ ಇನ್‌ಸ್ಟಾಗ್ರಾಮ್ ಖಾತೆಯೇ ಇಲ್ಲದಿದ್ದರೂ ಅವರ ಸಹಾಯ ಕೇಂದ್ರದಲ್ಲಿ ಇದಕ್ಕೊಂದು ಫಾರಂ ಇದೆ. ಗುರುತಿನ ಚೀಟಿ ಕೇಳಿದರೆ ಆಧಾರ್‌ನ ಪೂರ್ತಿ ನಂಬರ್ ಕೊಡಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದೂ ಆಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ಡಿಪಿ ಹಾಕಿಕೊಂಡು ನೆಂಟರ ಹತ್ತಿರ ದುಡ್ಡು ಕೇಳುತ್ತಿದ್ದರೆ, ಮೆಸೇಜ್ ಯಾರಿಗೆ ಬಂದಿದೆಯೋ ಅವರೇ ಆ ಚಾಟ್ ಒಳಗಿಂದ ರಿಪೋರ್ಟ್ ಮಾಡಬೇಕು. ಯಾರಾದರೂ ದುಡ್ಡು ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಸಲು ಇರುವ ನಂಬರ್ ಅದು.

ಅಂಗಡಿಯವರ ವಿಷಯ ಬೇರೆ. ಊರಿನ ಸೀರೆ ಅಂಗಡಿಯೋ ಬ್ಯೂಟಿ ಪಾರ್ಲರೋ ನಿಮ್ಮ ಮದುವೆ ಫೋಟೊವನ್ನು ಫ್ಲೆಕ್ಸ್‌ಗೆ, ಫೇಸ್‌ಬುಕ್ ಪೇಜಿಗೆ ಹಾಕಿಕೊಂಡಿದ್ದರೆ, ಸಾಕ್ಷಿ ಇಟ್ಟುಕೊಂಡ ಮೇಲೆ ನೇರವಾಗಿ ಕೇಳಿ. ಬಾಯಲ್ಲಿ ಹೇಳಿ ಬಿಡಬೇಡಿ, ವಾಟ್ಸ್ಆ್ಯಪ್‌ನಲ್ಲಿ ಬರೆದು, ಇಂಥ ದಿನದೊಳಗೆ ತೆಗೆಯಿರಿ ಎಂದು ತಾರೀಖು ಹಾಕಿ. ಹೆಚ್ಚಿನವರು ತೆಗೆಯುತ್ತಾರೆ. ತೆಗೆಯದಿದ್ದರೆ ಹಕ್ಕುಸ್ವಾಮ್ಯದ ದಾರಿ ಇದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮು ಸ್ಟುಡಿಯೋದವರಿಗೂ ಗ್ರಾಹಕರಿಗೂ ಗೊತ್ತಿರಬೇಕು: ನೀವು ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊಗೆ, ಬೇರೆ ಒಪ್ಪಂದ ಆಗಿರದಿದ್ದರೆ, ಮೊದಲ ಹಕ್ಕುದಾರರು ನೀವೇ. ಸೆಲ್ಫಿಯ ಹಕ್ಕು ತೆಗೆದುಕೊಂಡವರದ್ದು. ಗೆಳತಿ ಸುಮ್ಮನೆ ತೆಗೆದುಕೊಟ್ಟ ಫೋಟೊದ ಹಕ್ಕು ಗೆಳತಿಯದ್ದು, ಆ ದೂರನ್ನು ಅವಳೇ ಕೊಡಬೇಕು. ಸ್ಟುಡಿಯೋದ ಬಿಲ್, ಅಡ್ವಾನ್ಸ್ ರಸೀದಿ ಎತ್ತಿಟ್ಟಿರಿ, ಇಲ್ಲಿ ಕೆಲಸಕ್ಕೆ ಬರುತ್ತವೆ. ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ "ಪ್ರಚಾರಕ್ಕೆ ಬಳಸಬಹುದು" ಎಂದು ಇದೆಯೇ ಎಂದೂ ಓದಿ. ಇದ್ದರೆ ಸಹಿ ಹಾಕುವ ಮೊದಲೇ ಹೊಡೆದುಹಾಕಿಸಿ. ಕೇಳಿದವರಿಗೆ ನಾನಂತೂ ಹೊಡೆದುಹಾಕಿ ಕೊಡುತ್ತೇನೆ, ಎಲ್ಲರೂ ಕೊಡಬೇಕು.

ಒಂದು ಎಚ್ಚರ. ಕಾಪಿರೈಟ್ ದೂರು ಕೊಟ್ಟರೆ ನಿಮ್ಮ ಹೆಸರು, ಇಮೇಲ್ ಎದುರಿನವರಿಗೆ ತಲುಪುವ ಸಂಭವ ಇರುತ್ತದೆ. ಅಂಗಡಿಯ ವಿರುದ್ಧವಾದರೆ ಚಿಂತೆಯಿಲ್ಲ. ಬೆನ್ನುಬಿದ್ದು ಕಾಡುವವನ ವಿರುದ್ಧವಾದರೆ ಈ ದಾರಿ ಹಿಡಿಯಬೇಡಿ, ನಕಲಿ ಖಾತೆ ಅಥವಾ ಕಿರುಕುಳದ ಫಾರಂ ಬಳಸಿ.

ನಗ್ನ ಚಿತ್ರ, ತಿರುಚಿದ ಚಿತ್ರ, ಬೆದರಿಕೆ

ಇಲ್ಲಿ ಕಾಯುವ ಮಾತೇ ಇಲ್ಲ. ಖಾಸಗಿ ಅಂಗ ಕಾಣುವ ಚಿತ್ರ, ನಗ್ನ ಚಿತ್ರ, ಮುಖ ಅಂಟಿಸಿ ತಿರುಚಿದ ಚಿತ್ರ, ನಿಮ್ಮ ಹೆಸರಿನ ನಕಲಿ ಖಾತೆ ಇವುಗಳ ಬಗ್ಗೆ ಬಾಧಿತರೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕು ಎಂದು 2021ರ ಐಟಿ ನಿಯಮಗಳು ಬಂದಾಗಲೇ ಕಂಪನಿಗಳಿಗೆ ಗಡುವು ಹಾಕಿದ್ದವು. ದೊಡ್ಡ ಜಾಲತಾಣಗಳಿಗೆಲ್ಲ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಇಮೇಲ್ ಸಹಾಯ ಪುಟದಲ್ಲಿರುತ್ತದೆ. ಆ್ಯಪ್‌ನೊಳಗಿನ ರಿಪೋರ್ಟ್ ಜೊತೆಗೆ ಅವರಿಗೂ ಬರೆಯಿರಿ: ಲಿಂಕ್ ಇದು, ಚಿತ್ರದಲ್ಲಿರುವವಳು ನಾನು, ನನ್ನ ಒಪ್ಪಿಗೆ ಇಲ್ಲ, ತೆಗೆಯಿರಿ. ಇಷ್ಟೇ ಸಾಕು, ಕಥೆಯೆಲ್ಲ ಬೇಡ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು. ವಿಳಾಸ: ಜಿಎಸಿ ಡಾಟ್ ಗವ್ ಡಾಟ್ ಇನ್.

"ದುಡ್ಡು ಕೊಡು, ಇಲ್ಲಾಂದ್ರೆ ಎಲ್ಲರಿಗೂ ಕಳಿಸ್ತೀನಿ" ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವರನ್ನು ಮತ್ತೆ ಮತ್ತೆ ಕೇಳುತ್ತಾರೆ. ಅವನ ಮೆಸೇಜ್, ನಂಬರ್, ಯುಪಿಐ ಐಡಿ ಎಲ್ಲ ಉಳಿಸಿಕೊಳ್ಳಿ. ಆ ಚಿತ್ರ ನಿಮ್ಮ ಫೋನಿನಲ್ಲೇ ಇದ್ದರೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಜಾಲತಾಣಕ್ಕೆ ಹೋಗಿ. ಅದು ಚಿತ್ರವನ್ನು ಎಲ್ಲಿಗೂ ಕಳಿಸದೆ, ನಿಮ್ಮ ಫೋನಿನಲ್ಲೇ ಅದರಿಂದ ಹ್ಯಾಶ್ ಎಂಬ ಒಂದು ಸಂಕೇತ ತಯಾರಿಸಿ, ಆ ಸಂಕೇತವನ್ನಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ರೆಡಿಟ್‌ನಂಥ ಕಂಪನಿಗಳಿಗೆ ಕೊಡುತ್ತದೆ. ಯಾರಾದರೂ ಅದೇ ಚಿತ್ರ ಹಾಕಲು ಹೋದರೆ ಗುರುತಿಸಿ ತಡೆಯುತ್ತಾರೆ. ಎಲ್ಲ ಜಾಲತಾಣಗಳೂ ಇದರಲ್ಲಿ ಸೇರಿಲ್ಲ, ಆದರೂ ಮಾಡಿಡಿ. ಇದು 18 ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಟೇಕ್ ಇಟ್ ಡೌನ್ ಎಂಬುದಿದೆ, ನಮ್ಮಲ್ಲಿ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳ ಅಂಥ ಚಿತ್ರವನ್ನು ಸಾಕ್ಷಿ ಎಂದು ಮನೆಯ ಗ್ರೂಪಿಗೆ ಹಾಕಬೇಡಿ. ಐಟಿ ಕಾಯ್ದೆಯ 67ಬಿ ಪ್ರಕಾರ ಅದನ್ನು ಹಂಚುವುದೂ ಅಪರಾಧ. ಲಿಂಕ್ ಬರೆದುಕೊಂಡು ನೇರ ಪೊಲೀಸರಿಗೆ ಕೊಡಿ.

ಠಾಣೆಗೆ ಹೋಗುವಾಗ

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಮನೆಯಿಂದಲೇ ದೂರು ಕೊಡಬಹುದು. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ವಿಭಾಗದಲ್ಲಿ ಹೆಸರು ಹೇಳದೆಯೂ ಕೊಡಲು ಅವಕಾಶವಿದೆ. ಆದರೆ ದೂರು ಎಲ್ಲಿಗೆ ಬಂತು ಎಂದು ಆಮೇಲೆ ನೋಡಬೇಕಾದರೆ ಹೆಸರು, ಮೊಬೈಲ್ ನಂಬರ್ ಕೊಟ್ಟೇ ದಾಖಲಿಸಬೇಕು. ಸಿಗುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಪ್ರತಿ ಜಿಲ್ಲೆಯಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆ ಇದೆ. ನಮಗಾದರೆ ತುಮಕೂರಿಗೆ ಹೋಗಬೇಕು. ತಾಲ್ಲೂಕಿನ ಠಾಣೆಯಲ್ಲಿ "ಇದು ಸೆನ್‌ಗೆ ಬರುತ್ತಮ್ಮ, ಅಲ್ಲಿಗೆ ಹೋಗಿ" ಎನ್ನುವುದುಂಟು. ಅದಕ್ಕೊಂದು ಕಾರಣವಿದೆ: ಐಟಿ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನ ದರ್ಜೆಯ ಅಧಿಕಾರಿ ತನಿಖೆ ಮಾಡುವಂತಿಲ್ಲ. ತನಿಖೆ ಯಾರದ್ದಾದರೂ ಆಗಲಿ, ಗಂಭೀರ ಅಪರಾಧದ ಮಾಹಿತಿಯನ್ನು ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ತೆಗೆದುಕೊಳ್ಳದಿದ್ದರೆ ಹಿಂಬರಹ ಬರೆದುಕೊಡಿ ಎಂದು ಕೇಳಿ. ಆ ಮಾತಿಗೆ ಠಾಣೆಯಲ್ಲಿ ಬೆಲೆ ಇದೆ.

ದೂರಿನಲ್ಲಿ ಕಲಮುಗಳನ್ನು ನೀವು ಹಾಕಲೇಬೇಕೆಂದಿಲ್ಲ, ತಿಳಿದಿದ್ದರೆ ಒಳ್ಳೆಯದು. ನಿಮ್ಮ ಸೋಗು ಹಾಕಿ ಕಂಪ್ಯೂಟರ್, ಫೋನ್ ಮೂಲಕ ವಂಚಿಸಿದರೆ ಐಟಿ ಕಾಯ್ದೆಯ 66ಡಿ. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ, ಹಂಚಿದರೆ 66ಇ. 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. "ಮೊದಲು ಡಿಲೀಟ್ ಮಾಡಿಸಿದರೆ ಪೊಲೀಸರಿಗೆ ಸಾಕ್ಷಿ ಸಿಗುವುದಿಲ್ಲವಲ್ಲ" ಎಂದು ಹೆದರಿ ತೆಗೆಸದೆ ಕೂರುವವರಿದ್ದಾರೆ. ದೂರಿನ ಮೇಲೆ ತೆಗೆದದ್ದನ್ನು ಕಂಪನಿಗಳು 180 ದಿನ ಉಳಿಸಿಕೊಂಡಿರಬೇಕು ಎಂದು ಅದೇ 2021ರ ನಿಯಮಗಳಲ್ಲಿದೆ. ತೆಗೆಸಿ, ಆ ಅವಧಿ ಮುಗಿಯುವ ಮೊದಲೇ ಪೊಲೀಸರಿಗೂ ಕೊಡಿ.

ಮನೆಯವರಿಗೆ ಒಂದು ಮಾತು. ಸ್ಟುಡಿಯೋಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಕಳ್ಳನಿಗಿಂತ ಅಪ್ಪನಿಗೆ, ಗಂಡನಿಗೆ ಹೆದರಿರುತ್ತಾರೆ. "ನೀನ್ಯಾಕೆ ಹಾಕ್ಕೊಂಡೆ" ಎಂದು ಮೊದಲ ಮಾತೇ ಬಂದರೆ ಅವರು ಇದ್ದಬದ್ದ ಚಾಟ್, ಖಾತೆ ಎಲ್ಲ ಅಳಿಸಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಅಳಿಸಿದ್ದರ ಜೊತೆಗೇ ಸಾಕ್ಷಿಯೂ ಹೋಗುತ್ತದೆ, ಬೆದರಿಸುವವನಿಗೆ ದಾರಿ ಸಲೀಸಾಗುತ್ತದೆ. ತಪ್ಪು ಕದ್ದವನದ್ದು. ಜೊತೆಗೆ ಠಾಣೆಗೆ ನಡೆಯಿರಿ.

ಫೋಟೊ ಹೋದ ಮೇಲೂ ಗೂಗಲ್ ಹುಡುಕಾಟದಲ್ಲಿ ಅದರ ಚಿಕ್ಕ ಚಿತ್ರ ಕೆಲವು ಕಾಲ ಉಳಿದಿರುತ್ತದೆ; ಹಳೆಯ ಮಾಹಿತಿ ತೆಗೆಯಲು ಗೂಗಲ್‌ನದೇ ಫಾರಂ ಇದೆ, ಅಲ್ಲಿ ಆ ಲಿಂಕ್ ಹಾಕಿ. ಫೇಸ್‌ಬುಕ್ ಪ್ರೊಫೈಲ್ ಲಾಕ್ ಮಾಡಿ, ವಾಟ್ಸ್ಆ್ಯಪ್ ಡಿಪಿ ನಿಮ್ಮ ಕಾಂಟ್ಯಾಕ್ಟ್‌ನಲ್ಲಿರುವವರಿಗೆ ಮಾತ್ರ ಕಾಣುವಂತೆ ಇಡಿ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಲೆನ್ಸ್‌ನಲ್ಲಿ ಹುಡುಕಿ. ಅದೇ ಫೋಟೊ ಹೊಸ ಹೆಸರಿನಲ್ಲಿ ಮತ್ತೆ ಬಂದಿದ್ದರೆ, ಹೊಸ ದೂರಿನಲ್ಲಿ ಹಳೆಯ ಸ್ವೀಕೃತಿ ಸಂಖ್ಯೆ ಬರೆದು, ಮೊದಲು ಕೂಡಿಟ್ಟ ಸಾಕ್ಷಿಗಳನ್ನೂ ಜೊತೆಗೆ ಲಗತ್ತಿಸಿ.